ನುಚ್ಚಿನಲ್ಲಿ ಒಣಗಿದ ಕಂಪ್ಯೂಟರ್

ಸಿದ್ದಾಪುರದ ಯಂಕೇಶನ ಮನೆಯ ಬಾಗಿಲಿಗೆ ಒಂದು ಗಂಟೆ ಇದೆ. ಅದನ್ನು ಒತ್ತಿದರೆ ಮನೆಯೊಳಗೆ ಏನೂ ಸದ್ದಾಗುವುದಿಲ್ಲ. ಹೈದರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಿಂತ ಯಂಕೇಶನ ಮೊಬೈಲು ರಿಂಗಣಿಸುತ್ತದೆ. ಅವನು ಗಂಟೆಯೊಳಗಿನ ಕ್ಯಾಮೆರಾದಲ್ಲಿ ನಿಮ್ಮ ಮುಖ ನೋಡಿ, ಅಲ್ಲಿಂದಲೇ, “ಬರ್ರಿ, ಒಳಗ ಬರ್ರಿ, ಬಾಗಲಾ ತೆರದ ಐತಿ” ಅನ್ನುತ್ತಾನೆ. ಬಾಗಿಲು ತೆರೆದೇ ಇರುತ್ತದೆ. ಹೊಸ್ತಿಲ ಪಕ್ಕದಲ್ಲಿ ಅವನ ಅವ್ವ ದುರಗಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತೇ ಇರುತ್ತಾಳೆ. ಎದುರಿಗೆ ಕೂತ ಮುದುಕಿಯನ್ನು ಬಿಟ್ಟು, ಹೈದರಾಬಾದಿನ ಅಪ್ಪಣೆ ಪಡೆದು ಒಳಗೆ ಹೋಗಬೇಕಾದ ಮನೆ ನಮ್ಮ ಸೀಮೆಯಲ್ಲಿ ಇದೊಂದೇ ಇರಬೇಕು.

ಯಂಕೇಶ ಗಂಗಾವತಿ ಡಿಪೋದಲ್ಲಿ ಡ್ರೈವರ್. ಹೈದರಾಬಾದ್ ಬಸ್ಸು ಅವನದು. ಆ ಡ್ಯೂಟಿಗೆ ಉಳಿದ ಡ್ರೈವರುಗಳು ಮೂಗು ಮುರಿಯುತ್ತಾರೆ. ದೂರ, ಟ್ರಾಫಿಕ್ಕು, ನಿದ್ದೆಗೇಡು. ಯಂಕೇಶ ಮಾತ್ರ ಅದನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾನೆ. ಯಾಕೆಂದರೆ ಸಿಕಂದರಾಬಾದಿನಲ್ಲಿ ಒಂದು ಬೀದಿಗೆ ಬೀದಿಯೇ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿವೆ. ಬಸ್ ನಿಲ್ಲಿಸಿ, ಮುಖ ತೊಳೆದು, ಅವನು ಅಲ್ಲಿಗೆ ಹೋಗುವುದು ಭಕ್ತರು ಗುಡಿಗೆ ಹೋದಂತೆ. ಕೊಳ್ಳಲೇಬೇಕು ಅಂತೇನಿಲ್ಲ. ಫ್ಯಾನು ಮುಟ್ಟಿ ನೋಡುವುದು, ಕೀಬೋರ್ಡ್ ಒತ್ತಿ ಅದರ ಟಕಟಕ ಕೇಳುವುದು, “ಇದು ಎಷ್ಟು ವ್ಯಾಟ್ ಎಳೀತೈತಿ?” ಅಂತ ಹರಕು ಉರ್ದುವಿನಲ್ಲಿ ವಿಚಾರಿಸುವುದು. ಅಷ್ಟಕ್ಕೇ ಅವನ ಹೊಟ್ಟೆ ತುಂಬುತ್ತದೆ. ಜೊತೆಗಿರುವ ಕಂಡಕ್ಟರ್ ಹೈದರಸಾಬನಿಗೆ ಮಾತ್ರ ತುಂಬುವುದಿಲ್ಲ. “ಯಂಕೇಶಣ್ಣಾ, ಬಿರ್ಯಾನಿ ಊರಿಗೆ ಬಂದು ವೈರು ಮೂಸಿ ನೋಡ್ತಿಯಲ್ಲೋ ಮಾರಾಯಾ!” ಎಂದು ಅವನು ಪ್ರತಿ ಸಲವೂ ಹಲುಬುತ್ತಾನೆ.

ಈ ಹುಚ್ಚು ಇವತ್ತಿನದಲ್ಲ. ಚಿಕ್ಕವನಿದ್ದಾಗ ಅಪ್ಪನ ರೇಡಿಯೋ ಬಿಚ್ಚಿ, ಒಳಗೆ ಹಾಡುವವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಜೋಡಿಸಲು ಬಾರದೆ ಬೆನ್ನಿಗೆ ಬಿಸಿಬಿಸಿ ಕಜ್ಜಾಯ ತಿಂದಿದ್ದ. ಆಮೇಲೆ ಟೇಪ್‌ರೆಕಾರ್ಡರ್, ಸಿಡಿ ಪ್ಲೇಯರ್, ಒಂದರ ಹಿಂದೊಂದು ಮೊಬೈಲು. ಈಗ ಮನೆಯಲ್ಲಿ ಮಾತು ಕೇಳುವ ಬಲ್ಬಿದೆ. ಇಂಗ್ಲಿಷಿನಲ್ಲಿ ಹೇಳಿದರೆ ಹತ್ತುತ್ತದೆ. ದುರಗಮ್ಮ, “ಹತ್ತವಾ ನಮ್ಮವ್ವಾ, ಕತ್ತಲಾಗೈತಿ” ಎಂದು ಎಷ್ಟು ಸಲ ಬೇಡಿಕೊಂಡರೂ ಅದು ಕದಲುವುದಿಲ್ಲ. ಮುದುಕಿ ಕೊನೆಗೆ ಬೈದು ಗುಂಡಿ ಒತ್ತುತ್ತಾಳೆ. ತಾನೇ ತಿರುಗಿ ಕಸ ಗುಡಿಸುವ ಒಂದು ತಟ್ಟೆಯಂಥ ಯಂತ್ರವೂ ಇತ್ತು. ಅದು ಒಂದು ದಿನ ಪಡಸಾಲೆ ಗುಡಿಸುತ್ತಾ ಗುಡಿಸುತ್ತಾ ಹೊಸ್ತಿಲಿಲ್ಲದ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಗಟಾರಕ್ಕೆ ಬಿತ್ತು. “ಪಾಪ, ಊರೆಲ್ಲಾ ಗುಡಸಾಕ ಹೊಂಟಿತ್ತು” ಎಂದು ಹೆಂಡತಿ ರೇಣುಕಾ ಇವತ್ತಿಗೂ ನಗುತ್ತಾಳೆ.

ಅಂದ ಮಾತ್ರಕ್ಕೆ ಅವನು ಬರೀ ಹುಚ್ಚನೂ ಅಲ್ಲ. ಹೈದರಸಾಬನ ಫೋನು ಒಮ್ಮೆ ಕಾಲುವೆಯಲ್ಲಿ ಬಿದ್ದಾಗ, ಓಣಿಯವರೆಲ್ಲ “ಹೋತು ಬಿಡು” ಅಂದರು. ಯಂಕೇಶ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ. “ಅಕ್ಕಿ ನೀರೆಲ್ಲಾ ಎಳಕೋತೈತಿ, ನೋಡ್ತಿರ್ರಿ” ಅಂದ. ಭತ್ತದ ನಾಡಿನಲ್ಲಿ ಅಕ್ಕಿಗೇನು ಬರ? ಫೋನು ಬದುಕಿತು. ಅದು ಅಕ್ಕಿಯಿಂದ ಬದುಕಿತೋ ಹೈದರಸಾಬನ ನಸೀಬಿನಿಂದಲೋ ಯಾರಿಗೆ ಗೊತ್ತು, ಓಣಿಯಲ್ಲಂತೂ ಯಂಕೇಶ ಡಾಕ್ಟರಾದ. ಇದನ್ನೆಲ್ಲ ದುರಗಮ್ಮ ಕಣ್ಣಗಲ ಮಾಡಿ ನೋಡಿದ್ದಳು. ಈ ಸಂಗತಿ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ದುರಗಮ್ಮನ ಕಥೆ. ಗಟ್ಟಿ ಜೀವ. ನಾಟಿ ಹಚ್ಚಿದ್ದಾಳೆ, ಕಳೆ ಕಿತ್ತಿದ್ದಾಳೆ, ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಸಾಕಿದ್ದಾಳೆ. ಯಾರಿಗೂ ಅಂಜಿದವಳಲ್ಲ, ಬಸ್ಸೊಂದನ್ನು ಬಿಟ್ಟು. ಟ್ರ್ಯಾಕ್ಟರ್ ಆಗುತ್ತದೆ, ಬೈಕಿನ ಹಿಂದೆ ಕೂತು ಗಂಗಾವತಿಯವರೆಗೂ ಹೋಗಿಬರುತ್ತಾಳೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಆ ಡೀಸೆಲ್ ವಾಸನೆ ಮೂಗಿಗೆ ಬಡಿಯಿತೋ, ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಗುಳಿಗೆ ನುಂಗಿದ್ದಾಯಿತು. ಮಗ ಡ್ರೈವರ್ ಆದ ಮೊದಲ ವಾರ ಆಸೆಯಿಂದ ಹತ್ತಿ, ಬಸ್ ಊರು ದಾಟುವುದರೊಳಗೆ ಇಳಿದು ರಸ್ತೆ ಬದಿ ಕೂತವಳು ಮತ್ತೆ ಹತ್ತಲೇ ಇಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಓಣಿಯ ಮುದುಕಿಯರೆಲ್ಲ ಕಂಡಕಂಡ ಕ್ಷೇತ್ರ ಸುತ್ತಿ ಬಂದು ಕಟ್ಟೆಯ ಮೇಲೆ ಕೂತು ಬಡಾಯಿ ಕೊಚ್ಚಿದರು. ದುರಗಮ್ಮ ಮಾತ್ರ ಮಗನ ಬಸ್ಸು ಊರು ಹಾಯುವ ಹೊತ್ತಿಗೆ ರಸ್ತೆ ಪಕ್ಕದ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಾಳೆ. ಯಂಕೇಶ ಎರಡು ಸಲ ಹಾರ್ನ್ ಹೊಡೆಯುತ್ತಾನೆ. ಅವಳು ಕೈಯೆತ್ತುತ್ತಾಳೆ. ಬಸ್ಸು ಕಾರಟಗಿ ಕಡೆ ಹೋಗುತ್ತದೆ, ಅವಳು ಮನೆ ಕಡೆ.

“ಒಮ್ಮೆರ ನಿನ್ನ ಬಸ್ಸಿನ್ಯಾಗ ಕುಂತು, ನೀ ಹ್ಯಾಂಗ ಓಡಸ್ತಿ ಅಂತ ನೋಡಬೇಕಿತ್ತೋ. ನನ್ನ ಹಣೇದಾಗ ಇಲ್ಲ” ಎಂದು ಅವಳು ಒಂದು ದಿನ ಅಂದಳು. ಆ ಮಾತು ಯಂಕೇಶನ ತಲೆಯಲ್ಲೇ ಉಳಿಯಿತು. ಅದೇ ವಾರ ಸಿಕಂದರಾಬಾದಿನ ಒಂದು ಅಂಗಡಿಯಲ್ಲಿ ಅವನು ಒಂದು ಆಟ ನೋಡಿದ. ಕಂಪ್ಯೂಟರಿನ ತೆರೆಯ ಮೇಲೆ ಬಸ್ಸು. ಮೇಜಿಗೆ ಬಿಗಿದ ನಿಜವಾದ ಸ್ಟೇರಿಂಗು, ಕಾಲಿಗೆ ಬ್ರೇಕು, ಬೆರಳಿಗೆ ಹಾರ್ನು. ಡೀಸೆಲ್ ಇಲ್ಲ, ವಾಸನೆ ಇಲ್ಲ, ಕುಲುಕಾಟವಿಲ್ಲ. ಅಲ್ಲಿಯೇ ನಿಂತು ಅವನು ನಿಶ್ಚಯ ಮಾಡಿದ: ಇಂಥದೊಂದು ಯಂತ್ರ ಮನೆಯಲ್ಲಿ ಕೈಯಾರೆ ಜೋಡಿಸಬೇಕು, ಅವ್ವನನ್ನು ಬಸ್ಸಿನಲ್ಲಿ ಕೂರಿಸಬೇಕು.

ಮನೆಗೆ ಬಂದು ಹೇಳಿದರೆ ರೇಣುಕಾ ಬಿದ್ದು ಬಿದ್ದು ನಕ್ಕಳು. “ಹಗಲೆಲ್ಲಾ ಬಸ್ ಓಡಿಸಿ ಮನಿಗೆ ಬಂದು ಮತ್ತ ಬಸ್ ಓಡಸೋರು ನೀವೊಬ್ರ ಇರಬೇಕ್ರಿ! ನಿಮ್ಮ ಚಟಕ್ಕ ಅತ್ತಿ ಹೆಸರು ಯಾಕ ಹೇಳತೀರಿ?” ಅವಳ ಮಾತಿನಲ್ಲಿ ಅರ್ಧ ನಿಜವಿತ್ತು ಅಂತ ನಾನೂ ಹೇಳುತ್ತೇನೆ. ಆದರೆ ಉಳಿದರ್ಧವೂ ನಿಜವೇ ಆಗಿತ್ತಲ್ಲ!

ಒಂದೊಂದು ಟ್ರಿಪ್ಪಿಗೆ ಒಂದೊಂದು ಸಾಮಾನು ಬಂತು. ಮೊಟ್ಟಮೊದಲು ಬಂದದ್ದು ಸ್ಟೇರಿಂಗ್. ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ. ಆಮೇಲೆ ಬಣ್ಣದ ದೀಪದ ಫ್ಯಾನುಗಳು, ಒಂದು ಬದಿಗೆ ಗಾಜಿರುವ ಕ್ಯಾಬಿನೆಟ್ಟು, ಮಾನಿಟರು, ಡಿಸ್ಕು, ಪ್ರೊಸೆಸರು. ಕೊನೆಗೆ ಇವೆಲ್ಲವನ್ನೂ ಕೂಡಿಸುವ ಮದರ್‌ಬೋರ್ಡ್ ಎಂಬ ಅಗಲ ಕರೀ ಹಲಗೆ. ಅದನ್ನು ತಂದ ದಿನ ಬಸ್ಸಿನಲ್ಲಿ ಹೈದರಸಾಬನ ಸೀಟಿನ ಮೇಲೆ ಅದು ಕೂತಿತ್ತು, ಹೈದರಸಾಬ ನಿಂತು ಬಂದ. ಎರಡು ವರ್ಷ ಹೀಗೇ ನಡೆಯಿತು. ಮೆಮೊರಿ ಕಡ್ಡಿಯೊಂದು ಬಾಕಿ ಉಳಿಯಿತು. “ಈ ಸಲ ಆಯುಧ ಪೂಜಿ ದಿನ ಚಾಲೂ ಮಾಡೇ ಮಾಡ್ತೀನಿ. ಅವ್ವನ್ನ ಕೂಡಿಸಿ ಹೈದರಾಬಾದಿಗೆ ಒಯ್ತೀನಿ” ಎಂದು ಅವನು ಡಿಪೋದಲ್ಲೂ ಓಣಿಯಲ್ಲೂ ಸಾರಿಬಿಟ್ಟ. ಮಾತು ಆಡಿಯಾಯಿತು, ಇನ್ನು ಹಿಂದೆ ಸರಿಯುವಂತಿರಲಿಲ್ಲ. ಆ ಕಡ್ಡಿ ತರಲು ಹಬ್ಬದ ಮುಂಚಿನ ಡ್ಯೂಟಿಗೆ ಹೊರಡುವಾಗ, ಟ್ರಂಕಿನಲ್ಲಿಟ್ಟಿದ್ದ ಹಲಗೆಯನ್ನು ತೆಗೆದು ನೋಡಿ, “ಥೂ, ರೈಸ್‌ಮಿಲ್ಲಿನ ಧೂಳು ಇದಕ್ಕೂ ಹೊಕ್ಕೈತಿ. ಪೂಜಿಗೆ ಇಡೋದ್ರಾಗ ಸ್ವಚ್ಛ ಮಾಡಬೇಕು” ಎಂದು ಗೊಣಗಿದ.

ಗೊಣಗಬಾರದಿತ್ತು.

ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಯೊಳಗಿನದೆಲ್ಲ ಹೊರಗೆ ಬರುತ್ತದೆ. ಗೋಡೆಗೆ ಸುಣ್ಣ, ಹಾಸಿಗೆ ಹೊದಿಕೆ ಕಾಲುವೆಗೆ. ಅಟ್ಟದ ಮೇಲಿನ ಕೊಡ, ಮೂಲೆಯ ಒನಕೆ, ವರ್ಷಪೂರ್ತಿ ಯಾರೂ ಮುಟ್ಟದ ಹಿತ್ತಾಳೆ ಚೆಂಬು, ಎಲ್ಲಕ್ಕೂ ನೀರು ಕಾಣಿಸಲೇಬೇಕು. ಈ ವಿಷಯದಲ್ಲಿ ದುರಗಮ್ಮ ಜಗತ್ತಿನ ಯಾರ ಮಾತನ್ನೂ ಕೇಳುವವಳಲ್ಲ. ರೇಣುಕಾ ಹಾಸಿಗೆ ಹೊತ್ತು ಮುಂದೆ ಹೋಗಿದ್ದಳು. ಹಿಂದಿನಿಂದ ದುರಗಮ್ಮ ಬುಟ್ಟಿ ಹೊತ್ತು ಹೋದಳು.

ಯಂಕೇಶ ಮರುದಿನ ಮುಂಜಾನೆ ಮೆಮೊರಿ ಕಡ್ಡಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಹಾಡು ಗುನುಗುತ್ತಾ ಮನೆಗೆ ಬಂದ. ಟ್ರಂಕು ಅಂಗಳದಲ್ಲಿ ಬೋರಲು ಬಿದ್ದು ಒಣಗುತ್ತಿತ್ತು. ಅವನ ಹಾಡು ನಿಂತಿತು.

“ಅವ್ವಾ, ಟ್ರಂಕಿನ್ಯಾಗಿನ ಕರೀ ಹಲಗಿ ಎಲ್ಲಿ?”

“ತೊಳದೀನಲ್ಲೋ.”

“ಏನ ತೊಳದಿ?”

“ಅದನ್ನ! ಪೂಜಿಗೆ ಇಡ್ತೀನಿ, ಸ್ವಚ್ಛ ಮಾಡಬೇಕು ಅಂದಿದ್ದಿಲ್ಲೇನು? ತೊಳೀಲಾರದ ಸಾಮಾನಿಗೆ ಯಾರರ ಪೂಜಿ ಮಾಡ್ತಾರೇನು? ಕಾಲಿವಿಗೆ ಒಯ್ದು ಕೂಸಿಗೆ ಎರದಂಗ ಎರದೀನಿ. ನಿನ್ನ ಹಳೇ ಹಲ್ಲುಜ್ಜೋ ಬ್ರಷ್‌ಲೆ ಸಾವಕಾಶ ಉಜ್ಜೀನಿ ನೋಡು. ಥಳಥಳ ಆಗೈತಿ.”

ಯಂಕೇಶ ಬೋರಲು ಬಿದ್ದ ಟ್ರಂಕನ್ನು ಎತ್ತಿ ನೋಡಿದ. “ಈಗ ಎಲ್ಲಿ ಐತಿ ಅದು?” ಎಂದು ಹೇಗೋ ಕೇಳಿದ.

“ನುಚ್ಚಿನ ಡಬ್ಬ್ಯಾಗ,” ಎಂದಳು ದುರಗಮ್ಮ ಹೆಮ್ಮೆಯಿಂದ. “ಹೈದರನ ಫೋನಿಗೆ ನೀ ಮಾಡಿದ್ದಿಲ್ಲ, ಹಂಗ. ಅಕ್ಕಿ ದಪ್ಪ ಆಗತೈತಿ, ನುಚ್ಚಾದರ ಸಂದಿಗೊಂದಿಗೆಲ್ಲಾ ಹೋಗಿ ನೀರು ಎಳಕೋತೈತಿ ಅಂತ ನಾನ ವಿಚಾರ ಮಾಡಿದೆ.”

ಮಾಡಿದ್ದುಣ್ಣೋ ಮಹಾರಾಯ. ವಿದ್ಯೆ ಕಲಿಸಿದವನು ತಾನೇ, ಈಗ ಯಾರನ್ನು ಬೈಯುವುದು? ಯಂಕೇಶ ಡಬ್ಬಿಯಿಂದ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿದ. ಸಂದುಸಂದಿನಿಂದ ನುಚ್ಚು ಸುರಿಯಿತು. ಪ್ರೊಸೆಸರು ಕೂಡುವ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳವಿತ್ತು, ಪುಣ್ಯ. ಅವನು ಬಾಯಿ ಬಿಗಿಹಿಡಿದುಕೊಂಡಿದ್ದ, ಆದರೂ ಒಂದು ಮಾತು ಜಾರಿತು: “ಎರಡು ವರ್ಷದ ದುಡಿಮಿ ನೀರಾಗ ಹೋತಲ್ಲವ್ವಾ.”

ದುರಗಮ್ಮನ ಮುಖ ಇಳಿದುಹೋಯಿತು. ತಾನು ಏನೋ ಕೆಡಿಸಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಯಂಕೇಶನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. “ಏನೂ ಆಗಿಲ್ಲ ಬಿಡವ್ವಾ, ನಡೀತೈತಿ” ಅಂದ. ಆ ಮಾತಿನಲ್ಲಿ ಹುರುಳಿಲ್ಲ ಅಂತ ಹೆತ್ತವಳಿಗೆ ತಿಳಿಯದೆ ಇರುತ್ತದೆಯೇ?

ಮುಂದೆ ಅವನು ಮಾಡದ ಆರೈಕೆ ಇಲ್ಲ. ಬಿಸಿಲಿಗೆ ಒಡ್ಡಿದ. ಬಿಸಿ ಗಾಳಿಯ ಬ್ಲೋವರ್ ತಂದು ಊದಿದ. ಗುಂಡಿಯಂಥ ಸಣ್ಣ ಸೆಲ್ ಕಿತ್ತು ಗಡಿಯಾರದ ಅಂಗಡಿಯಿಂದ ಹೊಸದು ತಂದು ಹಾಕಿದ. ನೀರು ಒಣಗಿದರೆ ಬದುಕುವ ಸಾಧ್ಯತೆ ಇದೆ ಅಂತ ಮೊಬೈಲಿನಲ್ಲಿ ತೆಲುಗಿನವನೊಬ್ಬ ಹೇಳಿದ. ಬದುಕುವುದಿಲ್ಲ ಅಂತ ಹಿಂದಿಯವನೊಬ್ಬ ಹೇಳಿದ. ಯಂಕೇಶ ತೆಲುಗಿನವನನ್ನು ನಂಬಿದ.

ಆಯುಧ ಪೂಜೆಯ ದಿನ ಡಿಪೋದಲ್ಲಿ ಬಸ್ಸಿಗೆ ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದು, ಮಧ್ಯಾಹ್ನಕ್ಕೆ ಮನೆಗೆ ಬಂದ. ಓಣಿಯವರೆಲ್ಲ ಪಡಸಾಲೆಯಲ್ಲಿ ಜಮಾಯಿಸಿದ್ದರು. ಹೈದರಸಾಬ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಯಂತ್ರ ಮೇಜಿನ ಮೇಲೆ ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ರೇಣುಕಾ ಗಾಜಿಗೆ ಹೊರಗಿನಿಂದ ಮಾತ್ರ ಕುಂಕುಮ ಹಚ್ಚಿದಳು. “ಒಳಗ ಹಚ್ಚಿದರ ನನ್ನನ್ನೂ ನುಚ್ಚಿನ್ಯಾಗ ಇಟ್ಟಾರು” ಅಂದಳು. ಎಲ್ಲರೂ ನಕ್ಕರು, ದುರಗಮ್ಮ ನಗಲಿಲ್ಲ.

ಯಂಕೇಶ ಕಣ್ಣುಮುಚ್ಚಿ ಗುಂಡಿ ಒತ್ತಿದ. ಫ್ಯಾನು ತಿರುಗಿದವು! ಕೆಂಪು, ನೀಲಿ, ಹಸಿರು ದೀಪ ಹತ್ತಿದವು. “ಭಲೇ!” ಎಂದು ಹೈದರಸಾಬ ಚಪ್ಪಾಳೆ ಹೊಡೆದ. ಆದರೆ ತೆರೆ ಕಪ್ಪಗೇ ಉಳಿಯಿತು. ಒಳಗಿನಿಂದ ಟೂಂ... ಟೂಂ... ಎಂಬ ಸಣ್ಣ ಕೂಗು ಬರತೊಡಗಿತು. ಆರಿಸಿ ಹಚ್ಚಿದ, ಕಿತ್ತು ಜೋಡಿಸಿದ. ಟೂಂ... ಟೂಂ... ಮಂದಿ ಹೋಳಿಗೆ ತಿಂದು, “ಮದುವಿ ಮಂಟಪ ಛಲೋ ಕಾಣತೈತಿ, ಮದುಮಗ ಬಂದಿಲ್ಲ” ಎಂದು ಚೇಷ್ಟೆ ಮಾಡಿ ಎದ್ದುಹೋದರು.

ದುರಗಮ್ಮ ಅವತ್ತು ಹೋಳಿಗೆ ಮುಟ್ಟಲಿಲ್ಲ. ಬೆಳಗ್ಗೆ ಎದ್ದರೆ ರಾತ್ರಿ ಮಲಗುವ ತನಕ ಬಾಯಿ ಮುಚ್ಚದವಳು ಗೋಡೆಗೆ ಮುಖ ಮಾಡಿ ಕೂತಳು. ಯಂಕೇಶನಿಗೆ ಯಂತ್ರ ಕೆಟ್ಟದ್ದಕ್ಕಿಂತ ಅವ್ವ ಸುಮ್ಮನಾದದ್ದೇ ಹೆಚ್ಚು ನೋವಾಯಿತು. ಅವ್ವನ ಸಂತೋಷಕ್ಕೆಂದು ಕಟ್ಟಲು ಹೊರಟದ್ದು, ಅವಳ ಊಟವನ್ನೇ ಬಿಡಿಸಿತಲ್ಲ! ಇದು ನಡೆಯದೆ ಹೋದರೆ ಮುದುಕಿ ಸಾಯುವ ತನಕ ಇದನ್ನು ಎದೆಯಲ್ಲಿ ಹೊತ್ತು ತಿರುಗುತ್ತಾಳೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬನ್ನಿ ಹಬ್ಬ. ಇಳಿಹೊತ್ತಿಗೆ ಊರೆಲ್ಲ ಬನ್ನಿ ಎಲೆ ಹಂಚುತ್ತಾ ತಿರುಗುತ್ತಿತ್ತು. ಹೈದರಸಾಬನೂ ಜೇಬು ತುಂಬ ಬನ್ನಿ ತುಂಬಿಕೊಂಡು ಬಂದಿದ್ದ. ಯಂಕೇಶ ಅವ್ವನ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿದ. “ಬನ್ನಿ ತಗೊಂಡು ಬಂಗಾರದಂಗ ಇರೂಣವ್ವಾ.”

“ನಿನ್ನ ಬಂಗಾರಾನ ನಾನ ಕಾಲಿವ್ಯಾಗ ತೊಳದು ಹಾಕಿದೆನಲ್ಲೋ ಯಪ್ಪಾ” ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬಾ ಇಲ್ಲೆ,” ಎಂದು ಯಂಕೇಶ ಅವಳ ರಟ್ಟೆ ಹಿಡಿದು ಮೇಜಿನ ಬಳಿ ಎಳೆದುಕೊಂಡು ಹೋದ. ಗಾಜು ತೆಗೆದ. ಮೆಮೊರಿ ಕಡ್ಡಿ ಎಳೆದ. ಮೊಬೈಲಿನ ಬೆಳಕು ಬಿಟ್ಟು ತೋರಿಸಿದ. “ನೋಡು, ಸುಟ್ಟಿಲ್ಲ, ಜಂಗು ಹಿಡದಿಲ್ಲ. ನೀ ತೊಳದಿದ್ದಕ್ಕ ಆಗಿದ್ದಲ್ಲ ಇದು. ಅದರ ತಕರಾರು ಬ್ಯಾರೇನೋ ಐತಿ.”

ದುರಗಮ್ಮ ಮೊರದ ಮೇಲೆ ಬಗ್ಗಿದ ಹಾಗೇ ಬಗ್ಗಿದಳು. ಸ್ವಲ್ಪ ಹೊತ್ತು ನೋಡಿ, “ತಡಿ. ಅಲ್ಲಿ ಮೂಲ್ಯಾಗ ಬೆಳ್ಳಗ ಏನದು?” ಅಂದಳು.

“ಅದು ಕಡ್ಡಿ ಕೂಡೋ ಸಂದಿ. ಅದರ ಬಣ್ಣಾನ ಬಿಳಿ.”

“ಬಿಳಿ ಅಲ್ಲೋ ಮೂಳ! ಬಿಳಿಯೊಳಗ ಇನ್ನೊಂದು ಬಿಳಿ ಐತಿ. ನುಚ್ಚು ಅದು, ನುಚ್ಚು! ದಿನಾ ಆರಸೋ ನನಗ ಗೊತ್ತಾಗಂಗಿಲ್ಲೇನು?”

ಮುಗಿಯಿತು. ಮುದುಕಿಗೆ ದನಿ ವಾಪಸ್ ಬಂದಿತ್ತು. “ಏ ರೇಣುಕಾ, ಕಸಬರಿಗಿ ಕಡ್ಡಿ ಒಂದು ಮುರಕೊಂಡು ಬಾರವಾ!” ಎಂದು ಮನೆ ಹಾರಿಹೋಗುವಂತೆ ಕೂಗಿದಳು. ಯಂಕೇಶ ಬೆಳಕು ಹಿಡಿದ. ದುರಗಮ್ಮ ಉಸಿರು ಬಿಗಿಹಿಡಿದು, ಕಡ್ಡಿಯ ತುದಿಯಿಂದ ಸಂದಿನ ತಳದಲ್ಲಿ ಕಚ್ಚಿಕೊಂಡಿದ್ದ ಕಾಳನ್ನು ಮೆಲ್ಲಗೆ ಮೀಟಿದಳು. ಅದು ಹಾರಿ ಹೈದರಸಾಬನ ಹೊಸ ಅಂಗಿಯ ಮೇಲೆ ಬಿತ್ತು. ಯಂಕೇಶ ಮೆಮೊರಿ ಕಡ್ಡಿ ಒತ್ತಿದ. ಎರಡೂ ತುದಿಯಲ್ಲಿ ಟಕ್ ಅಂದಿತು. ಇಷ್ಟು ಸಲ ಒಂದೇ ತುದಿಯಲ್ಲಿ ಅಂದಿತ್ತು ಎಂಬುದು ಅವನಿಗೆ ಈಗ ಹೊಳೆಯಿತು.

ಗುಂಡಿ ಒತ್ತಿದ. ಫ್ಯಾನು ತಿರುಗಿದವು. ಟೂಂ ಅನ್ನಲಿಲ್ಲ. ತೆರೆ ಬೆಳಗಿತು.

“ಯವ್ವಾ!” ಎಂದು ಯಂಕೇಶ ಅವ್ವನನ್ನು ಎತ್ತಿಕೊಂಡೇ ಬಿಟ್ಟ. “ಇಳಸೋ ಹುಚ್ಚಾ, ಇಳಸು, ಬಸ್ ಹತ್ತೋಕಿಂತ ಮೊದಲ ತಲಿ ತಿರಗಸ್ತಿ” ಎಂದು ಅವಳು ಬೆನ್ನಿಗೆ ಗುದ್ದಿದಳು.

ಆಟವನ್ನು ಅವನು ಡಿಪೋದ ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಮೊದಲೇ ಡಿಸ್ಕಿಗೆ ತುಂಬಿಸಿಟ್ಟಿದ್ದ. ಸ್ಟೇರಿಂಗ್ ಬಿಗಿದ. ಖಾಕಿ ಅಂಗಿ ಹಾಕಿಕೊಂಡು ಬಂದ. ರೇಣುಕಾ ಈ ಸಲ ನಗಲಿಲ್ಲ. ಅತ್ತೆಗೆ ಪಕ್ಕದಲ್ಲಿ ಕುರ್ಚಿ ಹಾಕಿ, ಕೈಗೆ ಒಂದು ನಿಂಬೆಹಣ್ಣು ಕೊಟ್ಟಳು. ಹೈದರಸಾಬ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ಎಲ್ಲಿಗೆ ದೊಡ್ಡವ್ವಾ?”

“ಹೈದರಾಬಾದಿಗೆ. ಹೆಣ್ಣಮಕ್ಕಳಿಗೆ ಫ್ರೀ ಐತಲ್ಲ?”

“ರಾಯಚೂರು ದಾಟಿ ಗಡಿ ಬಂತಂದ್ರ ಫ್ರೀ ಇಲ್ಲವಾ.”

“ನನ್ನ ಮಗನ ಬಸ್ಸಿನ್ಯಾಗ ನನಗ ಟಿಕೀಟ ಕೇಳ್ತಿಯೇನೋ? ಫ್ರೀ ಟಿಕೀಟ ಹರಿ ಸುಮ್ಮನ!”

ಹೈದರಸಾಬ ಜೇಬಿನಿಂದ ಒಂದು ಬನ್ನಿ ಎಲೆ ತೆಗೆದು ಅವಳ ಕೈಗಿಟ್ಟ. “ತಗೋ, ಜ್ವಾಕಿ. ಚೆಕಿಂಗ್ ಬಂದ್ರ ತೋರಸು. ರೈಟ್, ರೈಟ್!”

ಬಸ್ಸು ಹೊರಟಿತು. ಅದು ಯಾವ ದೇಶದ ರಸ್ತೆಯೋ, ಎರಡೂ ಬದಿಗೆ ಮೊಳದುದ್ದ ಹಿಮ ಬಿದ್ದಿತ್ತು. “ಇದೇನೋ ಇಷ್ಟು ಬೆಳ್ಳಗ? ರೈಸ್‌ಮಿಲ್ಲಿನ ಧೂಳೇನು?” ಎಂದು ದುರಗಮ್ಮ ಕೇಳಿದಳು. “ಹ್ಞೂಂ, ಅದ” ಎಂದ ಯಂಕೇಶ. ಗೇರು ಬದಲಿಸಿದ, ತಿರುವಿನಲ್ಲಿ ಸ್ಟೇರಿಂಗ್ ಮೆಲ್ಲಗೆ ತಿರುಗಿಸಿದ, ಕನ್ನಡಿ ನೋಡಿದ. ನಿಜವಾದ ಬಸ್ಸಿನಲ್ಲೂ ಅವನು ಅಷ್ಟು ಹುಷಾರಾಗಿ ಓಡಿಸಿರಲಿಲ್ಲ. ಎಷ್ಟೋ ಹೊತ್ತಾದರೂ ಪಕ್ಕದಿಂದ ವಾಕರಿಕೆಯ ಸದ್ದು ಬರಲಿಲ್ಲ. “ತಲಿ ತಿರಗತೈತೇನವ್ವಾ?” ಎಂದು ಅಂಜುತ್ತಲೇ ಕೇಳಿದ.

“ರೋಡ್ ನೋಡಿದರ ತಿರಗತೈತಿ,” ಎಂದಳು ದುರಗಮ್ಮ. “ನಾ ನಿನ್ನ ಕೈ ನೋಡಾಕ ಹತ್ತೀನಿ.”

ನಿಂಬೆಹಣ್ಣು ಅವಳ ಮಡಿಲಲ್ಲಿ ಬಿದ್ದಿತ್ತು. ಬನ್ನಿ ಎಲೆಯನ್ನು ಮಾತ್ರ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಸ್ವಲ್ಪ ದೂರ ಹೋದ ಮೇಲೆ, ಏನೋ ನೆನಪಾದವಳಂತೆ ಮಗನ ತೋಳು ಮುಟ್ಟಿದಳು.

“ಯಂಕೇಶಾ, ಸಿದ್ದಾಪುರ ಬಂತಂದ್ರ ಹಾರ್ನ್ ಹೊಡ್ಯೋದು ಮರೀಬ್ಯಾಡಪಾ. ಬೇವಿನ ಗಿಡದ ಕೆಳಗ ನಾ ನಿಂತಿರ್ತೀನಿ.”

ಯಂಕೇಶನಿಗೆ ತೆರೆಯ ಮೇಲಿನ ರಸ್ತೆ ಮಂಜುಮಂಜಾಯಿತು. ಅವನು ಬಸ್ಸಿನ ವೇಗ ಇಳಿಸಿ, ಎರಡು ಸಲ ಹಾರ್ನ್ ಹೊಡೆದ.